ನಿಂತ ಬಸ್ಸಿಗೆ ಹೊರಗಿನ ಕರೆಂಟು: ವೋಲ್ಟೇಜಿನ ವಿಚಾರ

ಮಾನ್ಯರೇ,

ಹಳೆಯ ಬಸ್ಸನ್ನು ವಾಸಯೋಗ್ಯವಾಗಿಸಿ ತೋಟದ ಕಣದ ಅಂಚಿನಲ್ಲೋ ಹೋಂಸ್ಟೇ ಅಂಗಳದಲ್ಲೋ ನಿಲ್ಲಿಸುವವರು ಸಾಮಾನ್ಯವಾಗಿ ‘ಎಷ್ಟು ಆಂಪಿಯರ್ ಬೇಕು’ ಎಂದು ವಿಚಾರಿಸುತ್ತಾರೆ. ಸಾಕೆಟ್ಟಿನಲ್ಲಿ ಎಷ್ಟು ವೋಲ್ಟ್ ಇದೆ, ಅದು ಯಾವ ಎರಡು ತಂತಿಗಳ ನಡುವೆ ಇದೆ ಎಂಬುದನ್ನು ಅದಕ್ಕಿಂತ ಮೊದಲು ತಿಳಿಯಬೇಕು.

ಈ ಕೆಲಸಕ್ಕೆ ಅಮೆರಿಕದ ವಿಡಿಯೊಗಳನ್ನು ನೋಡುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಇಂಥ ವಾಹನಗಳಿಗಿರುವ 30 ಆಂಪಿಯರ್ ಸಾಕೆಟ್ 120 ವೋಲ್ಟಿನದು. ಅದಕ್ಕೆ 240 ವೋಲ್ಟ್ ಕೊಟ್ಟು ಉಪಕರಣಗಳನ್ನು ಸುಟ್ಟುಕೊಂಡವರು ಅಲ್ಲಿಯೂ ಇದ್ದಾರೆ. 50 ಆಂಪಿಯರಿನದರಲ್ಲಿ 120 ವೋಲ್ಟಿನ ಎರಡು ಫೇಸ್ ತಂತಿಗಳು ಪರಸ್ಪರ ವಿರುದ್ಧವಾಗಿ ಏರಿಳಿಯುವುದರಿಂದ ಅವುಗಳ ನಡುವೆ 240 ವೋಲ್ಟ್ ಇರುತ್ತದೆ, ಎರಡರ ಹೊರೆ ಸಮನಾದರೆ ನ್ಯೂಟ್ರಲ್ಲಿನಲ್ಲಿ (ಕರೆಂಟು ಮರಳುವ ತಂತಿಯಲ್ಲಿ) ಕರೆಂಟೇ ಹರಿಯುವುದಿಲ್ಲ. ಅದನ್ನು ಅನುಕರಿಸಿ ನಮ್ಮ ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ಮನೆ) ಮೂರು ಫೇಸ್ ಲೈನಿನಿಂದ ಎರಡು ಫೇಸುಗಳನ್ನು ಬಸ್ಸಿಗೆ ಎಳೆದರೆ, ಅವುಗಳ ನಡುವೆ ಸುಮಾರು 400 ವೋಲ್ಟ್ ಬರುತ್ತದೆ. ಹೊರೆ ಸಮನಾಗಿದ್ದರೂ ನ್ಯೂಟ್ರಲ್ ಒಂದು ಫೇಸಿನಷ್ಟೇ ಕರೆಂಟನ್ನು ಹೊರುತ್ತದೆ. ಆ ನ್ಯೂಟ್ರಲ್ ಸಡಿಲಗೊಂಡರಂತೂ ಎರಡು ಕಡೆಯ ವೋಲ್ಟೇಜ್ ಏರುಪೇರಾಗಿ ಒಂದು ಕಡೆಯ ಫ್ರಿಜ್ಜೋ ಟಿವಿಯೋ ಉಳಿಯುವುದು ಅನುಮಾನ. ಬಸ್ಸಿಗೆ 230 ವೋಲ್ಟಿನ ಒಂದೇ ಫೇಸ್ ಧಾರಾಳ ಸಾಕು: 16 ಆಂಪಿಯರ್ ಸಾಕೆಟ್ಟೇ ಸುಮಾರು 3,600 ವಾಟ್ ಕೊಡುತ್ತದೆ.

ಬೇಸಿಗೆಯಲ್ಲಿ ಕಾಫಿಗೆ ನೀರು ಹಾಯಿಸುವ ಪಂಪುಗಳು ಒಟ್ಟಿಗೆ ಓಡುವಾಗ ಲೈನಿನ ಕೊನೆಯ ತೋಟಗಳಲ್ಲಿ ವೋಲ್ಟೇಜ್ ಕುಸಿಯುವುದು ನಿಮಗೆ ತಿಳಿದದ್ದೇ. 190 ವೋಲ್ಟಿನಲ್ಲಿ 2,000 ವಾಟಿನ ಗೀಸರ್ 1,400 ವಾಟನ್ನೂ ಮುಟ್ಟುವುದಿಲ್ಲ. ಅದರಿಂದ ನೀರು ತಡವಾಗಿ ಕಾಯುತ್ತದೆ, ಅಷ್ಟೇ. ಫ್ರಿಜ್ಜಿನ ಕಂಪ್ರೆಸರ್ ಹಾಗಲ್ಲ, ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಇದರ ಮೇಲೆ ತೆಳ್ಳಗಿನ ಉದ್ದ ವೈರ್ ಸೇರಿದರೆ ಇನ್ನಷ್ಟು ವೋಲ್ಟ್ ಕಳೆದುಹೋಗುತ್ತದೆ: 30 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 13 ಆಂಪಿಯರ್ ಹರಿದರೆ ಒಂಬತ್ತು ವೋಲ್ಟಿಗೂ ಹೆಚ್ಚು, 2.5ರ ವೈರಿನಲ್ಲಿ ಆರರ ಆಸುಪಾಸು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಅರ್ಥಿಂಗ್. ರಬ್ಬರ್ ಟೈರುಗಳ ಮೇಲೆ ನಿಂತ ಬಸ್ಸಿನ ಕಬ್ಬಿಣದ ಮೈಗೆ ಒಳಗೆಲ್ಲೋ ಫೇಸ್ ತಗುಲಿದ್ದು, ಅರ್ಥ್ ತಂತಿ ಕಡಿದಿದ್ದರೆ, ಫ್ಯೂಸ್ ಹಾರುವುದಿಲ್ಲ, ಒಳಗಿರುವವರಿಗೆ ಏನೂ ಅನಿಸುವುದೂ ಇಲ್ಲ. ಮಳೆಗಾಲದ ಒದ್ದೆ ನೆಲದ ಮೇಲೆ ನಿಂತು ಬಾಗಿಲಿನ ಹಿಡಿ ಮುಟ್ಟಿದವರ ದೇಹದ ಮೂಲಕ ಕರೆಂಟು ನೆಲಕ್ಕೆ ಇಳಿಯುತ್ತದೆ. ಆದುದರಿಂದ ಚಾಸಿಗೆ (ಬಸ್ಸಿನ ಕಬ್ಬಿಣದ ಚೌಕಟ್ಟಿಗೆ) ಅರ್ಥ್ ತಂತಿ ಮತ್ತು ಒಳಬರುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನನ್ನು ಕಡಿಯುವ ಸ್ವಿಚ್ಚು), ಇವೆರಡೂ ಇರಲೇಬೇಕು. ಹೊರಗಿನ ಕರೆಂಟಿನಲ್ಲಿರುವಾಗ ಬಸ್ಸಿನೊಳಗೆ ನ್ಯೂಟ್ರಲ್ಲನ್ನೂ ಅರ್ಥನ್ನೂ ಜೋಡಿಸಬಾರದು. ಇನ್ವರ್ಟರಿಗೆ ಬದಲಾಯಿಸುವ ಸ್ವಿಚ್ಚು ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದಾಗಿರಬೇಕು.

ಪ್ಲಗ್ ಚುಚ್ಚುವ ಮುನ್ನ ಮಲ್ಟಿಮೀಟರಿನಿಂದ ನೋಡಿ. ಫೇಸ್–ನ್ಯೂಟ್ರಲ್ ನಡುವೆಯೂ ಫೇಸ್–ಅರ್ಥ್ ನಡುವೆಯೂ 230ರ ಆಸುಪಾಸಿನಲ್ಲಿರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಹತ್ತಾರು ವೋಲ್ಟ್ ತೋರಿದರೆ ಜೋಡಿಸಬೇಡಿ. ಆದರೆ ಮೀಟರ್ ಎಳೆಯುವ ಕರೆಂಟು ಅತ್ಯಲ್ಪವಾದುದರಿಂದ, ಅರ್ಥಿಂಗ್ ದುರ್ಬಲವಿದ್ದರೂ ಅದು ಸರಿಯಾದ ಅಂಕಿಯನ್ನೇ ತೋರಿಸೀತು. ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸನ್ನು ಅರ್ಥ್ ಟೆಸ್ಟರ್ ಇರುವ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಅಳೆಯಿಸಿ.