ಟೀವಿಯಲ್ಲಿ ಬಂದ ನಾಮಕರಣ

ಕೇಳುಗರಿಗೆ ನಮಸ್ಕಾರ. ರೇಡಿಯೋದಲ್ಲಿ ಕೂತು ಟೀವಿ ಬಗ್ಗೆ ಮಾತಾಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊನ್ನೆ ಮೇ ತಿಂಗಳಲ್ಲಿ ನನ್ನ ತಮ್ಮನ ಮಗಳ ನಾಮಕರಣ. ಅವರಿರುವುದು ಜರ್ಮನಿಯಲ್ಲಿ, ನಾವಿರುವುದು ಮೈಸೂರಿನಲ್ಲಿ. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ, ಇಲ್ಲಿ ಮಧ್ಯಾಹ್ನ ಒಂದೂವರೆ. ಊಟ ಮುಂದಕ್ಕೆ ಹಾಕಿ, ಒಂದು ಲ್ಯಾಪ್‌ಟಾಪ್ ಮುಂದೆ ಒಂಬತ್ತು ಜನ ಕೂತೆವು. ಅಮ್ಮನಿಗೆ ಕಂಡಿದ್ದು ನಮ್ಮ ಭಾವನ ತಲೆ ಮಾತ್ರ. ಗೋಡೆಯ ಮೇಲೆ 43 ಇಂಚಿನ ಟೀವಿ ಸುಮ್ನೆ ಕಪ್ಪಗೆ ಕೂತಿತ್ತು.

"ಅದರಲ್ಲಿ ಬರೋ ಹಾಗೆ ಮಾಡಕ್ಕಾಗಲ್ವೇನೋ?" ಅಂದರು ಅಮ್ಮ.

ಆಗುತ್ತೆ. ಲ್ಯಾಪ್‌ಟಾಪ್ ಪರದೆ 15.6 ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ. 43 ಅದರ ಮೂರು ಪಟ್ಟೂ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಉದ್ದ ಅಗಲ ಎರಡೂ ಬೆಳೆಯುವುದರಿಂದ ಚಿತ್ರಕ್ಕೆ ಏಳು ಪಟ್ಟಿಗೂ ಜಾಸ್ತಿ ಜಾಗ ಸಿಗುತ್ತೆ.

ಕೇಬಲ್ ಬೇಕಲ್ಲ ಅಂತ ಎದ್ದೆ. ಅದು ಮನೆಯಲ್ಲೇ ಇತ್ತು. ಎಚ್‌ಡಿ ಸೆಟ್‌ಟಾಪ್ ಬಾಕ್ಸಿನಿಂದ ಟೀವಿಗೆ ಹೋಗಿರುತ್ತಲ್ಲ, ಚಪ್ಪಟೆ ಮೂತಿಯ ತಂತಿ, ಅದೇ ಎಚ್‌ಡಿಎಂಐ. 2002ರಲ್ಲಿ ಬಂದ ಏರ್ಪಾಡು ಅದು. ಮೂತಿಯೊಳಗೆ 19 ಪಿನ್ನು. ಚಿತ್ರ, ದನಿ ಎರಡೂ ಒಂದರಲ್ಲೇ ಹೋಗುತ್ತವೆ. ಬಾಕ್ಸಿನ ಕಡೆ ತುದಿಯನ್ನು ಮಾತ್ರ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದೆ. ಟೀವಿ ಹಿಂದೆ ಕೈ ತೂರಿಸಿ ತಡಕಾಡುವ ಕಷ್ಟ ತಪ್ಪಿತು. ಟೀವಿ ಅದೇ ಕಿಂಡಿಗೆ ಹೊಂದಿಕೊಂಡೂ ಇತ್ತು. ನೀವು ಬೇರೆ ಕಿಂಡಿಗೆ ಹಾಕಿದರೆ ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಒತ್ತಿ, ಅದೇ ನಂಬರ್ ಆರಿಸಬೇಕು. "ಕೇಬಲ್ ಹಾಳಾಗಿದೆ" ಅಂತ ನನಗೆ ಬಂದ ಫೋನುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿದಿವೆ.

ತಂತಿ ಗಿಡ್ಡ. ಹಾಗಾಗಿ ಲ್ಯಾಪ್‌ಟಾಪನ್ನು ಟೀವಿ ಕೆಳಗೇ ಒಂದು ಸ್ಟೂಲಿನ ಮೇಲಿಟ್ಟೆ. ಇದು ನಾನು ಯೋಚಿಸಿ ಮಾಡಿದ್ದಲ್ಲ, ಆದರೆ ಒಳ್ಳೆಯದೇ ಆಯಿತು. ಲ್ಯಾಪ್‌ಟಾಪಿನ ಕ್ಯಾಮೆರಾ ನಮ್ಮೆಲ್ಲರ ಕಡೆ ತಿರುಗಿತ್ತು. ನಾವು ಟೀವಿ ನೋಡಿದರೆ ಅವರಿಗೆ ನಮ್ಮ ಮುಖವೇ ಕಾಣುತ್ತಿತ್ತು.

ಟೀವಿಯಲ್ಲಿ ಬಂದದ್ದು ಮಾತ್ರ ಮಗು ಅಲ್ಲ, ನೀಲಿ ಬಣ್ಣದ ಖಾಲಿ ಪರದೆ. ಲ್ಯಾಪ್‌ಟಾಪು ಟೀವಿಯನ್ನು ತನ್ನ ಪಕ್ಕದ ಇನ್ನೊಂದು ಮೇಜು ಅಂದುಕೊಂಡಿತ್ತು. ವಿಂಡೋಸ್ ಇದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ. ನಾಲ್ಕು ಸಾಲು ಬರುತ್ತವೆ. ಡ್ಯೂಪ್ಲಿಕೇಟ್ ಅಂದರೆ ಎರಡರಲ್ಲೂ ಒಂದೇ ಚಿತ್ರ. ಎಕ್ಸ್‌ಟೆಂಡ್ ಅಂದರೆ ಆ ಪಕ್ಕದ ಮೇಜು. ಆತುರದಲ್ಲಿ ಡ್ಯೂಪ್ಲಿಕೇಟ್ ಆರಿಸಿದೆ. ಎರಡೇ ನಿಮಿಷಕ್ಕೆ ನನ್ನ ಸಾಲದ ಕಂತಿನ ನೆನಪೋಲೆ 43 ಇಂಚಿನಲ್ಲಿ ಬಂತು. ಭಾವ ಕೆಮ್ಮಿದರು. ನೆಂಟರ ಮುಂದೆ ಎಕ್ಸ್‌ಟೆಂಡೇ ವಾಸಿ: ವಿಡಿಯೋ ಕಿಟಕಿಯನ್ನು ಮೌಸಿನಲ್ಲಿ ಎಳೆದು ಟೀವಿಗೆ ದಾಟಿಸಿದರೆ ಸಾಕು.

ಚಿತ್ರ ಗೋಡೆಯ ಮೇಲೆ, ಮಂತ್ರ ಸ್ಟೂಲಿನ ಮೇಲೆ! ದನಿ ಇನ್ನೂ ಲ್ಯಾಪ್‌ಟಾಪಿನಿಂದಲೇ ಬರುತ್ತಿತ್ತು. ಕೆಳಮೂಲೆಯ ಸ್ಪೀಕರ್ ಗುರುತು ಒತ್ತಿ, ಪಟ್ಟಿಯಲ್ಲಿ ಟೀವಿಯ ಹೆಸರು ಆರಿಸಿದೆ. ಸರಿಹೋಯಿತು. ವಿಡಿಯೋ ಕರೆಯಲ್ಲಿದ್ದರೆ ಅದರ ಸೆಟ್ಟಿಂಗಿನಲ್ಲೂ ಒಮ್ಮೆ ನೋಡಿ, ಕೆಲವಕ್ಕೆ ಬೇರೆಯಾಗಿ ಹೇಳಬೇಕಾಗುತ್ತೆ.

ಹಳೆಯ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ, ಮೂರು ಸಾಲಲ್ಲಿ 15 ತೂತಿನ ಕಿಂಡಿ ಇರಬಹುದು. ಅದು ವಿಜಿಎ, 1987ರಲ್ಲಿ ಐಬಿಎಂ ತಂದದ್ದು. ಅದರಲ್ಲಿ ಚಿತ್ರ ಮಾತ್ರ ಹೋಗುತ್ತೆ, ದನಿಗೆ ಬೇರೆ ತಂತಿ ಬೇಕು. ತೀರಾ ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಬರೀ ಯುಎಸ್‌ಬಿ-ಸಿ ಇರುತ್ತೆ. ಅಂಗಡಿಯವರು ಅಡಾಪ್ಟರ್ ಕೊಡುತ್ತಾರೆ, ಆದರೆ ಎಲ್ಲ ಯುಎಸ್‌ಬಿ-ಸಿ ಕಿಂಡಿಯಿಂದಲೂ ಚಿತ್ರ ಹೊರಗೆ ಬರುವುದಿಲ್ಲ. ನಿಮ್ಮ ಮಾಡೆಲ್‌ಗೆ ಆಗುತ್ತಾ ಅಂತ ಕೇಳಿಕೊಂಡೇ ದುಡ್ಡು ಕೊಡಿ. ತಂತಿಯೇ ಬೇಡ ಅನ್ನುವವರಿಗೆ ವಿಂಡೋಸ್ ಕೀ ಜೊತೆ ಕೆ ಇದೆ. ಟೀವಿಯಲ್ಲೂ ಆ ಸೌಲಭ್ಯ ಇರಬೇಕು. ಸಿನಿಮಾಕ್ಕೆ ಪರವಾಗಿಲ್ಲ, ಮುಹೂರ್ತದ ಹೊತ್ತಿಗೆ ನಾನಂತೂ ವೈಫೈ ನಂಬಲ್ಲ.

ಅಷ್ಟರಲ್ಲಿ ಅಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ತಮ್ಮ ಉಂಗುರದಿಂದ ಹೆಸರು ಬರೆಯತೊಡಗಿದ. ಫೋನ್ ಹಿಡಿದವರು ಹತ್ತಿರ ತಂದರು. ಮೊದಲ ಎರಡು ಅಕ್ಷರ ಕಂಡವು, ಕೊನೆಯದು ಟೀವಿಯ ಅಂಚಿನಾಚೆ! ಲ್ಯಾಪ್‌ಟಾಪಿನಲ್ಲಿ ಪೂರ್ತಿ ಇದ್ದ ಚಿತ್ರದ ನಾಲ್ಕೂ ಅಂಚನ್ನು ಟೀವಿ ಒಂದಿಷ್ಟು ನುಂಗುತ್ತಿತ್ತು. ಇದು ಪಿಕ್ಚರ್ ಟ್ಯೂಬ್ ಕಾಲದ ಅಭ್ಯಾಸ. ಆಗ ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದರು. ಟ್ಯೂಬ್ ಹೋದರೂ ಚಾಳಿ ಹೋಗಿಲ್ಲ. ರಿಮೋಟಿನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ ಜಸ್ಟ್ ಸ್ಕ್ಯಾನ್ ಅಂತಲೋ ಸ್ಕ್ರೀನ್ ಫಿಟ್ ಅಂತಲೋ ಇರುವುದನ್ನು ಆರಿಸಬೇಕು. ಕಂಪನಿಗೊಂದು ಹೆಸರು. ನಾನು ಹುಡುಕಿ ಒತ್ತಿದೆ. ಮೂರನೆಯ ಅಕ್ಷರ ಒಳಗೆ ಬಂತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. ಅದು ಅವರ ಅಮ್ಮನ ಹೆಸರು.

ಆ ಸಂಭ್ರಮದಲ್ಲಿ ತಂತಿಯನ್ನು ಸೆಟ್‌ಟಾಪ್ ಬಾಕ್ಸಿಗೆ ವಾಪಸ್ ಹಾಕುವುದು ಮರೆತೆ. ಸಂಜೆ ಧಾರಾವಾಹಿ ಹೊತ್ತಿಗೆ ಟೀವಿಯಲ್ಲಿ ಬರೀ "ನೋ ಸಿಗ್ನಲ್". ಆಮೇಲೆ ಅಮ್ಮ ಅಂದದ್ದನ್ನು ಇಲ್ಲಿ ಹೇಳುವ ಹಾಗಿಲ್ಲ. ನಮಸ್ಕಾರ.