ಹಿತ್ತಲದಾಗಿನ ಕಾರು ಗುಜರಿಗೆ ಕೊಡಬ್ಯಾಡ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಭಾಗದ ಹಳೆಯ ವಾಡೆಗಳಲ್ಲಿ, ಮುಚ್ಚಿಹೋದ ಜಿನ್ನಿಂಗ್ ಗಿರಣಿಗಳ ಗೋದಾಮುಗಳಲ್ಲಿ, ಹಿತ್ತಲದ ಹುಣಸೆ ಗಿಡದ ಬುಡದಲ್ಲಿ ಇವತ್ತಿಗೂ ಒಂದೊಂದು ಕಾರು ನಿಂತಿರುತ್ತದೆ. ಅಜ್ಜನ ಕಾಲದ್ದು. ಟಾಯರು ನೆಲ ಕಚ್ಚಿರುತ್ತವೆ. ಸೀಟಿನೊಳಗೆ ಕೋಳಿ ಕಾವಿಗೆ ಕುಳಿತಿರುತ್ತದೆ. ಮನೆಯವರು ದಿನಾ ಅದನ್ನು ದಾಟಿಕೊಂಡೇ ಓಡಾಡುತ್ತಾರೆ. ಒಂದು ದಿನ ಗುಜರಿಯವನು ಬಂದು ತೂಕಕ್ಕೆ ದರ ಹೇಳುತ್ತಾನೆ, ಜಾಗ ಖಾಲಿಯಾದರೆ ಸಾಕೆಂದು ಕೊಟ್ಟುಬಿಡುತ್ತಾರೆ. ಹಾಗೆ ಕೊಡಬೇಡಿ ಎಂದು ಕೇಳಿಕೊಳ್ಳಲಿಕ್ಕೇ ಇವತ್ತು ಈ ಮೈಕಿನ ಮುಂದೆ ಕುಳಿತಿದ್ದೇನೆ.

ನನ್ನ ಹತ್ತಿರ ಇರುವುದು ಒಂದು ಎಂಜಿಎ. ಎರಡೇ ಸೀಟಿನ, ಬಟ್ಟೆಯ ಹುಡ್ ಇರುವ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಇವತ್ತು ರಸ್ತೆಯಲ್ಲಿ ಕಾಣುವ ಎಂಜಿ ಗಾಡಿಗಳಿಗೂ ಇದಕ್ಕೂ ಹೆಸರು ಮತ್ತು ಎಂಟು ಮೂಲೆಯ ಲಾಂಛನ ಬಿಟ್ಟರೆ ಬೇರೆ ನಂಟಿಲ್ಲ. ಆ ಹಳೆಯ ಎಂಜಿ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಿನಲ್ಲಿ ಹುಟ್ಟಿದ್ದು. 1929ರಿಂದ 1980ರವರೆಗೆ ಅದರ ಕಾರ್ಖಾನೆ ಹತ್ತಿರದ ಅಬಿಂಗ್‌ಡನ್ ಎಂಬ ಊರಲ್ಲಿತ್ತು. ಎಂಜಿಎ ತಯಾರಾದದ್ದು 1955ರಿಂದ 1962ರವರೆಗೆ, ಒಟ್ಟು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಾರುಗಳು ಹೊರದೇಶಕ್ಕೇ ಹೋದವು, ಬಹುಪಾಲು ಅಮೆರಿಕಕ್ಕೆ. ನಮ್ಮ ದೇಶಕ್ಕೆ ಬಂದವು ಕೆಲವೇ. ನನ್ನದು ಗದಗಿನ ಕಡೆಯ ಒಂದು ಹತ್ತಿ ವ್ಯಾಪಾರದ ಮನೆತನದಿಂದ ಬಂದದ್ದು. ಮಳೆ ಸೋರುವ ಪತ್ರಾಸಿನ ಶೆಡ್ಡಿನಲ್ಲಿ, ಶೇಂಗಾ ಚೀಲಗಳ ಹಿಂದೆ ನಿಂತಿತ್ತು.

ಇಂಥ ಕಾರಿಗೆ ಹುಬ್ಬಳ್ಳಿಯಲ್ಲಿ ಸ್ಪೇರ್ ಎಲ್ಲಿ ಸಿಗುತ್ತದೆ ಎಂದು ಕೇಳದವರಿಲ್ಲ. ಇದಕ್ಕೆ ಉತ್ತರ ಕೊಟ್ಟವರು ಟ್ಯಾಕ್ಸಿ ರಿಪೇರಿ ಮಾಡಿ ತಲೆ ನರೆತ ಒಬ್ಬ ಮಿಸ್ತ್ರಿ. ಬಾನೆಟ್ ಎತ್ತಿದ ಕೂಡಲೇ ಅವರು ಹೇಳಿದ ಮಾತು: "ಸಾಹೇಬ್ರ, ಇದು ನಮ್ಮ ಅಂಬಾಸಿಡರ್ ಇಂಜಿನ್ನ ಅಲ್ರೀ!"

ಅವರು ಹೇಳಿದ್ದು ನಿಜ. ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಅದರ ಅಚ್ಚುಗಳನ್ನು ತಂದು ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ 2014ರವರೆಗೂ ತಯಾರಿಸಿದರು. ಮಾರಿಸ್, ಎಂಜಿ ಎರಡೂ ಆಗ ಒಂದೇ ಕಂಪನಿಯ ಕೆಳಗಿದ್ದವು. ಆ ಕಂಪನಿಯ ಬಿ-ಸೀರೀಸ್ ಎಂಬ 1489 ಸಿಸಿ ಇಂಜಿನ್ ಮೊದಲ ಎಂಜಿಎಗೂ ಬಂತು, ನಮ್ಮ ಅಂಬಾಸಿಡರಿಗೂ ಬಂತು. ಎರಡರಲ್ಲೂ ಬೋರು, ಅಂದರೆ ಸಿಲಿಂಡರಿನ ಅಗಲ, 73 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 88.9. ಅಂದರೆ ಪಿಸ್ಟನ್ ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಇಂಥವಕ್ಕೆಲ್ಲ ಇಂಗ್ಲೆಂಡಿಗೆ ಕಾಗದ ಬರೆಯಬೇಕಾಗಿಲ್ಲ, ಹಳೆಯ ಅಂಗಡಿಯ ಅಟ್ಟದ ಮೇಲೆ ನೋಡಬೇಕು. ಎಲ್ಲವೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಅಂಬಾಸಿಡರಿನದು ಭಾರ ಎಳೆಯಲಿಕ್ಕೆ ಕೂಡಿಸಿದ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಂದೇ. ಎಂಜಿಯದಕ್ಕೆ ಎರಡು ಕಾರ್ಬುರೇಟರ್, ಹೆಚ್ಚಿನ ಕಂಪ್ರೆಶನ್, ವಾಲ್ವು ತೆರೆಯುವ ಕ್ಯಾಮ್ ಕೂಡ ಬೇರೆ. ನಮ್ಮ ದೇಶದಲ್ಲಿ ಎಷ್ಟೋ ಎಂಜಿಗಳಿಗೆ ಇಡೀ ಅಂಬಾಸಿಡರ್ ಇಂಜಿನ್ನನ್ನೇ ಕೂರಿಸಿ ಓಡಿಸಿದ್ದಾರೆ. ಕೆಲವರು ಅದನ್ನು ಕುಲಗೆಡಿಸಿದಂತೆ ಕಾಣುತ್ತಾರೆ. ನಾನು ಕಾಣುವುದಿಲ್ಲ. ಹಾಗೆ ಮಾಡಿದವರಿಂದಲೇ ಆ ಕಾರುಗಳು ಉಳಿದಿವೆ.

ಇಂಗ್ಲೆಂಡಿನ ಟ್ರಯಂಫ್ ಕಾರಿನದೂ ಇದೇ ಕಥೆ. ಟ್ರಯಂಫ್ ಹೆರಾಲ್ಡ್ ಕಾರೇ ಮದ್ರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಲ್ಲಿ ತಯಾರಾಯಿತು, ಅದು ಎಷ್ಟು ಮನೆಗಳಲ್ಲಿತ್ತು! ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದು ಅದೇ ಹೆರಾಲ್ಡಿನ ಚಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಗಿಡ್ಡ ಮಾಡಿ. ಹಿತ್ತಲದಲ್ಲಿರುವುದು ಬರೀ ಹೆರಾಲ್ಡ್ ಎಂದು ತಾತ್ಸಾರ ಮಾಡಬಾರದು.

ಸ್ಪೇರ್ ಹುಡುಕಿದರೆ ಸಿಗುತ್ತದೆ, ಇಲ್ಲವಾದರೆ ತರಿಸಬಹುದು. ಕಡಿಮೆಯಾಗುತ್ತಿರುವುದು ಕೈಗಳು.

ಒಂದು ನಟ್ಟಿನ ವಿಷಯ ಹೇಳುತ್ತೇನೆ. ಈ ಕಾರಿನದೆಲ್ಲ ಇಂಚಿನ ಲೆಕ್ಕ. ಅರ್ಧ ಇಂಚಿನ ನಟ್ಟು ಎಂದರೆ 12.7 ಮಿಲಿಮೀಟರ್. ಇವತ್ತಿನ ಗ್ಯಾರೇಜಿನ ಹುಡುಗ 13 ನಂಬರಿನ ಪಾನಾ ಹಾಕುತ್ತಾನೆ. ಹೊಂದಿದಂತೆಯೇ ಕಾಣುತ್ತದೆ. ಜಂಗು ಹಿಡಿದ ನಟ್ಟಿಗೆ ಜೋರು ಹಾಕಿದಾಗ ಪಾನಾ ಜಾರಿ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಬೋಲ್ಟಿನದು. ಐದು-ಹದಿನಾರಾಂಶ ಇಂಚಿನ ಬೋಲ್ಟು 7.94 ಮಿಲಿಮೀಟರ್. ಅದರ ಜಾಗದಲ್ಲಿ 8 ಎಂಎಂ ಬೋಲ್ಟು ಎರಡು ಸುತ್ತು ಸರಾಗ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಮುಂದೆ ತಿರುವಿದರೆ ಇಂಜಿನ್ ಬ್ಲಾಕಿನ ತೂತಿನೊಳಗಿನ ಆಟೆ, ಅಂದರೆ ಬೋಲ್ಟು ಕೂರುವ ಸುರುಳಿ ಗೆರೆ, ಹಾಳು, ಏಕೆಂದರೆ ಎರಡರ ಆಟೆಯ ಅಂತರ ಬೇರೆ. ಅಂಬಾಸಿಡರ್ ಬಿಚ್ಚಿ ಕೂಡಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಹಳೆಯ ಫಿಟ್ಟರುಗಳಿಗೂ ಹೇಳಬೇಕಾಗಿಲ್ಲ. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ನಡೆದುಬಂದ ಕಾರ್ಖಾನೆ ಅದು. ಇಂಚಿನ ಲೆಕ್ಕ ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಹುಬ್ಬಳ್ಳಿಯಲ್ಲಿ ಓಣಿಗೊಂದು ಲೇತ್ ಅಂಗಡಿ ಇರುವುದಕ್ಕೆ ಆ ವರ್ಕ್‌ಶಾಪಿನ ನೆರಳೂ ಒಂದು ಕಾರಣ ಎಂದೇ ನನ್ನ ನಂಬಿಕೆ. ಎಲ್ಲಿಯೂ ಸಿಗದ ಒಂದು ಬುಷ್ಷನ್ನು ಮುರಿದ ಚೂರು ನೋಡಿ ಅಳತೆ ತೆಗೆದು, ಗನ್‌ಮೆಟಲ್ಲಿನಲ್ಲಿ ಕಡೆದು ಕೊಟ್ಟ ಟರ್ನರ್ ನಿವೃತ್ತರಾದ ರೈಲ್ವೆಯವರೇ.

ಈಗ ಬಾಡಿಯ ಕೆಲಸ. ಎಂಜಿಎದ ಮೈ ಉಕ್ಕಿನದು. ಆದರೆ ಬಾನೆಟ್, ಡಿಕ್ಕಿಯ ಮುಚ್ಚಳ, ಬಾಗಿಲಿನ ಹೊರತಗಡು ಅಲ್ಯೂಮಿನಿಯಂ. ಉಕ್ಕಿಗೆ ಅಲ್ಯೂಮಿನಿಯಂ ತಾಗಿದಲ್ಲಿ ನೀರು ಕೂತರೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಪುಡಿಯಾಗುತ್ತದೆ. ನನ್ನ ಕಾರಿನ ಎಡಬಾಗಿಲಿನ ತಗಡು ಕೆಳಗೆ ಹೀಗೆ ತಿಂದುಹೋಗಿತ್ತು, ನಡುವೆ ಒಂದು ದೊಡ್ಡ ತಗ್ಗೂ ಬಿದ್ದಿತ್ತು. ಹಳೆ ಹುಬ್ಬಳ್ಳಿಯ ಒಬ್ಬ ಟಿಂಕರಿಂಗ್ ಚಾಚಾ ಇದನ್ನು ಸರಿಮಾಡಿದರು. ಹಳೆಯ ಅಲ್ಯೂಮಿನಿಯಂ ಬಡಿದಂತೆಲ್ಲ ಬಿರುಸಾಗುತ್ತದೆ, ಆಮೇಲೆ ಸೀಳುತ್ತದೆ. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆದರೆ ಕಬ್ಬಿಣದ ಹಾಗೆ ಕೆಂಪಗಾಗಿ ತಿಳಿಸುವುದಿಲ್ಲ, ನೋಡನೋಡುತ್ತಲೇ ಕರಗಿ ತೂತು ಬೀಳುತ್ತದೆ. ಚಾಚಾ ಒಂದು ಬಟ್ಟೆ ಒಗೆಯುವ ಸಾಬೂನಿನ ತುಂಡು ತೆಗೆದು ಆ ಜಾಗಕ್ಕೆಲ್ಲ ಒಣದಾಗಿ ತಿಕ್ಕಿದರು. ಆಮೇಲೆ ಗ್ಯಾಸಿನ ಉರಿಯನ್ನು ದೂರದಿಂದ ಸವರುತ್ತ ಬಂದರು, ಒಂದು ಕಡೆ ನಿಲ್ಲಿಸಲಿಲ್ಲ. ಸಾಬೂನು ಮೊದಲು ಹಳದಿಯಾಯಿತು, ಆಮೇಲೆ ಕಂದು, ಆಮೇಲೆ ಕಪ್ಪು. ಕಪ್ಪಾದ ಕ್ಷಣ ಉರಿ ಹಿಂದೆ ತೆಗೆದರು. "ಸಾಬೂನ ಕರ್ರಗಾತು ಅಂದ್ರ ತಗಡ ಹದಕ್ಕ ಬಂತು ಅಂತ ತಿಳೀರಿ. ಇನ್ನ ಮ್ಯಾಲ ಹಿಡದ್ರ ನೀರಾಗಿ ಸುರೀತೈತಿ," ಎಂದರು. ತಣಿದ ಮೇಲೆ ಒಳಗಿನಿಂದ ಮರದ ಕೊಡತಿಯಲ್ಲಿ, ಹೊರಗೆ ಉಸುಕಿನ ಚೀಲ ಆನಿಸಿ, ಮೆಲ್ಲಗೆ ಬಡಿದು ಎಬ್ಬಿಸಿದರು. ತಗ್ಗು ಇದ್ದ ಜಾಗದ ಮೇಲೆ ಅಂಗೈ ಆಡಿಸುತ್ತ, ಕಣ್ಣು ಮುಚ್ಚಿಕೊಂಡು ಉಬ್ಬು ಹುಡುಕುತ್ತಿದ್ದರು. ಪುಟ್ಟಿ ಬಳಿಯುವ ಪ್ರಸಂಗವೇ ಬರಲಿಲ್ಲ. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಇವತ್ತಿನ ಗಾಡಿಗಳಿಗೆ ಬಾಗಿಲು ಕೆಟ್ಟರೆ ಹೊಸ ಬಾಗಿಲೇ ಬರುತ್ತದೆ, ವಿಮೆಯವರು ದುಡ್ಡು ಕೊಡುತ್ತಾರೆ. ಚಾಚಾ ಕೈಗೆ ಕೆಲಸ ಕೊಡುವ ಕಾರು ಊರಲ್ಲಿ ಉಳಿದರೆ ಮಾತ್ರ ಒಬ್ಬ ಹುಡುಗ ಅವರ ಬಾಜೂ ನಿಂತು ನೋಡಿ ಕಲಿತಾನು.

ಚಾಸಿಗೆ ಜಂಗು ಎಷ್ಟು ಇಳಿದಿದೆ ಎಂದು ತಿಳಿಯಲು ಬಣ್ಣ ನೋಡಬಾರದು, ಸ್ಕ್ರೂ ಡ್ರೈವರ್ ಹಿಡಿದು ಚುಚ್ಚಬೇಕು. ಸೀಟಿನ ಹಿಂದೆ ಎರಡು ಆರು ವೋಲ್ಟಿನ ಬ್ಯಾಟರಿ ಕೂರುವ ಜಾಗ ಮೊದಲು ಹೋಗುತ್ತದೆ, ಆಸಿಡ್ ಸೋರಿ. ಕಾಲ ಕೆಳಗಿನ ನೆಲ ಈ ಕಾರಿನಲ್ಲಿ ತಗಡಿನದಲ್ಲ, ಪ್ಲೈವುಡ್ಡಿನದು. ಅದನ್ನು ನಮ್ಮ ಓಣಿಯ ಬಡಿಗೇರರು ಹಳೆಯ ಹಲಗೆಯನ್ನೇ ಇಟ್ಟು ಗೆರೆ ಎಳೆದು, ನೀರಿಗೆ ತಡೆಯುವ ಮರೈನ್ ಪ್ಲೈನಲ್ಲಿ ಕೊರೆದುಕೊಟ್ಟರು. ವಾಯರಿಂಗಿನ ಬಗ್ಗೆ ಒಂದೇ ಮಾತು: ಆಗಿನ ಬಹುಪಾಲು ಇಂಗ್ಲಿಷ್ ಕಾರುಗಳಲ್ಲಿ ಕಾರಿನ ಬಾಡಿಗೆ ಜೋಡಿಸಿರುವುದು ಬ್ಯಾಟರಿಯ ಪ್ಲಸ್ ತುದಿ, ಇವತ್ತಿನ ಕಾರುಗಳ ಹಾಗೆ ಮೈನಸ್ ತುದಿಯಲ್ಲ. ಬ್ಯಾಟರಿ ಬದಲಿಸಲು ಬರುವವರಿಗೆ ಕಾಣುವ ಹಾಗೆ ಅಲ್ಲಿಯೇ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿರಿ.

ಬಣ್ಣಕ್ಕೆ ಬಂದಾಗ ಎಲ್ಲರೂ ಕೆಂಪು ಹಚ್ಚಿಸು ಎಂದರು. ಸ್ಪೋರ್ಟ್ಸ್ ಕಾರೆಂದರೆ ಕೆಂಪು ಎಂದು ಎಲ್ಲರ ಮನಸ್ಸಿನಲ್ಲಿದೆ. ಡ್ಯಾಶ್‌ಬೋರ್ಡ್ ಕಳಚಿದಾಗ ಅದರ ಹಿಂದೆ ಬಿಸಿಲು ಕಾಣದ ಅಂಗೈಯಷ್ಟು ಜಾಗದಲ್ಲಿ ಹುಟ್ಟುಬಣ್ಣ ಸಿಕ್ಕಿತು. ಟೈರೊಲೈಟ್ ಹಸಿರು, ಎಳೆ ನೀಲಿಯ ಕಡೆಗೆ ವಾಲುವ ಹಸಿರು. ಅದನ್ನೇ ಹಚ್ಚಿಸಿದೆ. ಕಾರು ತಾನು ಏನಾಗಿತ್ತು ಎಂದು ಹೇಳುತ್ತಿರುವಾಗ ನಮ್ಮ ಹುಕಿ ಅದರ ಮೇಲೆ ಹೇರುವುದು ನನಗೆ ಸರಿಕಾಣುವುದಿಲ್ಲ.

ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ ಈ ಕಾರಿನ ಎಸ್‌ಯು ಎಂಬ ಜಾತಿಯ ಕಾರ್ಬುರೇಟರಿನದು. ಅದರ ತಲೆಯ ಮೇಲೆ ಗುಮ್ಮಟದಂಥ ಒಂದು ಡಬ್ಬಿ. ಒಳಗೆ ಪಿಸ್ಟನ್, ಅದರ ಕೆಳಗೆ ತುದಿಗೆ ಸಪೂರಾಗುತ್ತ ಹೋಗುವ ಸೂಜಿ, ಸೂಜಿ ಇಳಿಯುವ ಜೆಟ್ಟು. ಇಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಏರುತ್ತದೆ, ಸೂಜಿ ಏರುತ್ತದೆ, ಪೆಟ್ರೋಲಿನ ದಾರಿ ಅಗಲವಾಗುತ್ತದೆ. ಇಷ್ಟೇ. ಇಂಜಿನ್ ಬಂದ್ ಇದ್ದಾಗ ಬೆರಳಿನಿಂದ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಎಂದು ಕೂರಬೇಕು. ಮೆಲ್ಲಗೆ ತೊಯ್ದ ಬಟ್ಟೆಯ ಹಾಗೆ ಇಳಿದರೆ ಒಳಗೆ ಕೊಳೆ ಇದೆ ಅಥವಾ ಸೂಜಿ ಒಂದು ಕಡೆಗೆ ಒರಸುತ್ತಿದೆ. ಎರಡು ಕಾರ್ಬುರೇಟರ್ ಸಮ ಎಳೆಯುತ್ತಿವೆಯೇ ಎಂದು ತಿಳಿಯಲು ಒಂದು ಮೊಳ ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರ ಸುಯ್ಲು ಒಂದೇ ಆಗುವವರೆಗೆ ಸ್ಕ್ರೂ ತಿರುವಬೇಕು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಒಂದು ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಬೇಕು. ಇಂಜಿನ್ ಜೋರಾಗಿ ಹಾಗೇ ಓಡಿದರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ಒಂದು ಗಳಿಗೆ ಏರಿ ಮತ್ತೆ ಮೊದಲಿನಂತಾದರೆ ಸರಿ. ಧಾರವಾಡದ ಶ್ರಾವಣದ ಜಡಿಮಳೆಯಲ್ಲಿ ಒಂದು ಶ್ರುತಿ, ಗದಗಿನ ಏಪ್ರಿಲ್ ಬಿಸಿಲಲ್ಲಿ ಇನ್ನೊಂದು.

ಈಗಿನ ಪೆಟ್ರೋಲಿನ ಬಗ್ಗೆ ಎಚ್ಚರ ಬೇಕು. ಅದರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಕಾರ್ಕಿನ ವಾಷರು ಅದಕ್ಕೆ ತಡೆಯುವುದಿಲ್ಲ, ಉಬ್ಬಿ ಬಿರಿಯುತ್ತವೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಗಾಳಿಯೊಳಗಿನ ತೇವವನ್ನೂ ಎಥೆನಾಲ್ ಎಳೆದುಕೊಳ್ಳುತ್ತದೆ. ಆದ್ದರಿಂದ ಪೈಪುಗಳನ್ನೆಲ್ಲ ಎಥೆನಾಲಿಗೆ ತಡೆಯುವ ಜಾತಿಯದಕ್ಕೆ ಬದಲಿಸಬೇಕು, ಮಳೆಗಾಲದಲ್ಲಿ ಕಾರು ನಿಲ್ಲಿಸುವುದಾದರೆ ಟಾಕಿ ಬರಿದು ಮಾಡಬೇಕು.

ದಸರೆ ಮುಗಿದು ರಸ್ತೆ ಒಣಗಿದ ಮೇಲೆ ಬೆಳಿಗ್ಗೆ ಬೇಗ ಹಳಿಯಾಳ ರಸ್ತೆಗೆ ಕಾರು ತೆಗೆಯುತ್ತೇನೆ. ಈ ಕಾರಿನ ಬಾಗಿಲಿಗೆ ಹೊರಗೆ ಹಿಡಿಕೆಯಿಲ್ಲ, ಒಳಗೆ ಕೈ ಹಾಕಿ ದಾರ ಎಳೆದೇ ತೆರೆಯಬೇಕು. ಮಗಳಿಗೆ ಅದೇ ದೊಡ್ಡ ಸಂಭ್ರಮ. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಕೂತವರಿಗೆ ನೆಲ ಮೊಳಕಾಲಿನ ಹತ್ತಿರ ಹರಿದಂತೆ ಆಗುತ್ತದೆ, ಕಾಡಿನ ಗಾಳಿ ನೇರ ಮುಖಕ್ಕೆ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕು ನಾಲ್ಕೂ ಡ್ರಮ್ಮು. ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ಗೊತ್ತಾಗುತ್ತದೆ. ಇಷ್ಟು ಎಚ್ಚರವಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ.

ಇನ್ನು, ಮನೆಯಲ್ಲಿ ಹಳೆಯ ಕಾರು ನಿಂತಿರುವವರಿಗೆ ಕೆಲವು ಮಾತು. ಹುರುಪಿನಲ್ಲಿ ಹೊಸ ಬ್ಯಾಟರಿ ತಂದು ಸ್ಟಾರ್ಟ್ ಹೊಡೆಯಬೇಡಿ. ಜಂಗಿಗೆ ಅಂಟಿದ ರಿಂಗುಗಳು ಮುರಿಯುತ್ತವೆ. ಪ್ಲಗ್ಗು ತೆಗೆದು ಒಂದೊಂದು ಸಿಲಿಂಡರಿಗೂ ಸ್ವಲ್ಪ ಡೀಸೆಲ್, ಇಂಜಿನ್ ಆಯಿಲ್ ಕಲೆಸಿ ಹಾಕಿ, ವಾರಗಟ್ಟಲೆ ಬಿಡಿ. ಆಮೇಲೆ ಕೈಯಿಂದಲೇ ತಿರುಗಿಸಿ ನೋಡಿ. ಎರೆ ಭೂಮಿಯ ಮೇಲೆ ನಿಂತಿದ್ದರೆ ಕೆಳಗಿನಿಂದ ತೇವ ಏರುತ್ತಲೇ ಇರುತ್ತದೆ, ದಪ್ಪ ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ. ಪ್ಲಾಸ್ಟಿಕ್ ತಾಡಪತ್ರಿ ಸುತ್ತಬೇಡಿ, ಒಳಗೆ ಬೆವರುತ್ತದೆ. ಮೇಲೊಂದು ಪತ್ರಾಸು, ಸುತ್ತಲೂ ಗಾಳಿ, ಅಷ್ಟು ಸಾಕು. ಇಂಜಿನ್ ಓಡಿದ ದಿನವೇ ರಸ್ತೆಗೆ ಇಳಿಸಬೇಡಿ, ಮೊದಲು ಬ್ರೇಕಿನ ರಬ್ಬರುಗಳನ್ನೆಲ್ಲ ಹೊಸದಾಗಿ ಹಾಕಿಸಿ.

ಕಾಗದಪತ್ರ ಹುಡುಕಿ ಇಡಿ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ, ಶುಲ್ಕ ಇಪ್ಪತ್ತು ಸಾವಿರ, ಹತ್ತು ವರ್ಷದ ಅವಧಿ. ಆ ನೋಂದಣಿ ಇದ್ದರೆ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ ಮಾತ್ರ ಓಡಿಸಬಹುದು, ದಿನದ ಓಡಾಟಕ್ಕಲ್ಲ. ನಾನು ಫಿಟ್‌ನೆಸ್ ಮಾಡಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸುತ್ತ ಬಂದಿದ್ದೇನೆ. ಅಜ್ಜನ ಆರ್‌ಸಿ ಪುಸ್ತಕ ಹರಿದಿದ್ದರೂ ಎಸೆಯಬೇಡಿ. ಬಾನೆಟ್ಟಿನ ಕೆಳಗೆ ಮೊಳೆ ಹೊಡೆದ ಚಾಸಿ ನಂಬರಿನ ಪಟ್ಟಿಯನ್ನು ಬಣ್ಣ ಹಚ್ಚುವವರು ಕಿತ್ತು ಕಳೆಯದ ಹಾಗೆ ನೋಡಿಕೊಳ್ಳಿ. ಎಂಜಿಯಾಗಿದ್ದರೆ ಆ ನಂಬರನ್ನು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂಗೆ ಬರೆದು ಕಳಿಸಬಹುದು. ಕಾರ್ಖಾನೆಯ ಅಂದಿನ ದಫ್ತರು ಅವರ ಹತ್ತಿರವಿದೆ. ಶುಲ್ಕ ಕಟ್ಟಿದರೆ ನಿಮ್ಮ ಕಾರು ಯಾವ ತಾರೀಕಿಗೆ ತಯಾರಾಯಿತು, ಯಾವ ಬಣ್ಣ ಹಚ್ಚಿದ್ದರು, ಯಾವ ದೇಶಕ್ಕೆ ಕಳಿಸಿದರು ಎಂದು ಪ್ರಮಾಣಪತ್ರ ಬರೆದು ಕೊಡುತ್ತಾರೆ.

ನಮಸ್ಕಾರ.