ಪೆಟ್ಟು ಬಿದ್ದದ್ದು ಯಾರಿಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ವಿದೇಶಾಂಗ ನೀತಿ ಅಂದ ಕೂಡಲೇ 'ಅದು ದಿಲ್ಲಿಯವರ ಉಸಾಬರಿ, ನಮಗ್ಯಾಕೆ' ಅನ್ನುವವರೇ ಜಾಸ್ತಿ. ದಯವಿಟ್ಟು ಹಾಗನ್ನಬೇಡಿ. ಊರಲ್ಲಿ ನ್ಯಾಯಕ್ಕೆ ಕೂತಾಗ ಮೊದಲು ಏನು ಕೇಳುತ್ತೀರಿ? ಪೆಟ್ಟು ಯಾರಿಗೆ ಬಿತ್ತು ಅಂತ ತಾನೇ? ಹೊಡೆದವನು ನಮಗೆ ನೆಂಟನೋ ಅಲ್ಲವೋ ಅನ್ನುವುದು ಆಮೇಲಿನ ಮಾತು. ದೇಶಗಳ ನಡುವೆಯೂ ಅಷ್ಟೇ.

1956ರ ಕಥೆ ಹೇಳುತ್ತೇನೆ. ಆ ವರ್ಷ ಈಜಿಪ್ಟಿನ ಅಧ್ಯಕ್ಷ ನಾಸರ್, ಬ್ರಿಟನ್-ಫ್ರಾನ್ಸಿನವರ ಕಂಪನಿಯ ಕೈಯಲ್ಲಿದ್ದ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ ಕೊನೆಗೆ ಇಸ್ರೇಲ್, ಬ್ರಿಟನ್, ಫ್ರಾನ್ಸ್ ಸೇರಿ ಈಜಿಪ್ಟಿನ ಮೇಲೆ ಬಿದ್ದವು. ನೆಹರೂ ಒಡನೆಯೇ ಖಂಡಿಸಿದರು. ಸರಿಯಾಗಿಯೇ ಮಾಡಿದರು.

ಅದೇ ದಿನಗಳಲ್ಲಿ ಸೋವಿಯತ್ ಹಿಡಿತದ ವಿರುದ್ಧ ಜನ ದಂಗೆಯೆದ್ದು ಹಂಗೇರಿ ಹೊತ್ತಿ ಉರಿಯುತ್ತಿತ್ತು. ನವೆಂಬರ್ 1ರಂದು ಪ್ರಧಾನಿ ಇಮ್ರೆ ನಾಜ್ ಒಂದು ಘೋಷಣೆ ಮಾಡಿದರು. ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬರುತ್ತೇವೆ, ತಟಸ್ಥರಾಗಿರುತ್ತೇವೆ ಅಂತ. ನಾವು ಜಗತ್ತಿಗೆಲ್ಲ ಸಾರುತ್ತಿದ್ದದ್ದೂ ಅದನ್ನೇ ಅಲ್ವಾ! ನವೆಂಬರ್ 4, ಭಾನುವಾರ. ಇನ್ನೂ ಬೆಳಕು ಹರಿಯುವ ಹೊತ್ತು. ಬುಡಾಪೆಸ್ಟ್‌ಗೆ ಸೋವಿಯತ್ ಟ್ಯಾಂಕುಗಳು ನುಗ್ಗುತ್ತಿವೆ. ನಾಜ್ ರೇಡಿಯೋದಲ್ಲಿ ಮಾತಾಡಿದರು. ನಾಲ್ಕೇ ನಾಲ್ಕು ಮಾತು. ರಾಜಧಾನಿಯ ಮೇಲೆ ದಾಳಿಯಾಗಿದೆ, ನಮ್ಮ ಸೈನಿಕರು ಹೋರಾಡುತ್ತಿದ್ದಾರೆ, ಸರ್ಕಾರ ತನ್ನ ಜಾಗದಲ್ಲೇ ಇದೆ, ಇದನ್ನು ಜನಕ್ಕೂ ಜಗತ್ತಿಗೂ ತಿಳಿಸುತ್ತಿದ್ದೇನೆ ಅಂತ. ಆಮೇಲೆ ಅವರು ಯುಗೊಸ್ಲಾವಿಯಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದರು. ನಿಮಗೆ ಏನೂ ಮಾಡುವುದಿಲ್ಲ ಅಂತ ಸೋವಿಯತ್ತಿನವರು ಕೂರಿಸಿದ ಹೊಸ ಸರ್ಕಾರದಿಂದ ಬರವಣಿಗೆಯಲ್ಲಿ ಭರವಸೆ ಬಂತು. ನಂಬಿ ಹೊರಗೆ ಬಂದು ಬಸ್ಸು ಹತ್ತಿದರು. ಆ ಬಸ್ಸನ್ನೇ ಸೋವಿಯತ್ ಸೈನಿಕರು ವಶಕ್ಕೆ ತೆಗೆದುಕೊಂಡರು. 1958ರ ಜೂನ್‌ನಲ್ಲಿ, ಗುಟ್ಟಾಗಿ ವಿಚಾರಣೆ ನಡೆಸಿ, ಅವರನ್ನು ಗಲ್ಲಿಗೇರಿಸಿದರು.

ಇಲ್ಲಿ ಪೆಟ್ಟು ಯಾರಿಗೆ ಬಿತ್ತು? ಹೇಳುವುದೇ ಬೇಡ. ಆದರೆ ಸೋವಿಯತ್ ದಾಳಿ ನಿಲ್ಲಲಿ ಎಂಬ ನಿರ್ಣಯ ನವೆಂಬರ್ 4ರಂದು ವಿಶ್ವಸಂಸ್ಥೆಯಲ್ಲಿ ಬಂದಾಗ ಭಾರತ ಯಾವ ಕಡೆಗೂ ಮತ ಹಾಕಲಿಲ್ಲ. ಸೋವಿಯತ್ ಸೇನೆ ಹೊರಡಲಿ, ವಿಶ್ವಸಂಸ್ಥೆಯ ಕಣ್ಗಾವಲಿನಲ್ಲಿ ಚುನಾವಣೆ ನಡೆಯಲಿ ಎಂಬ ನಿರ್ಣಯ 9ರಂದು ಬಂದಾಗ ವಿರುದ್ಧವಾಗಿ ಮತ ಹಾಕಿತು. ನಾಳೆ ಕಾಶ್ಮೀರದಲ್ಲೂ ಹಾಗೇ ಕೇಳಿದರೆ ಅನ್ನುವ ಅಂಜಿಕೆಯಿತ್ತು ಅಂತ ಕೆಲವರು ಸಮಜಾಯಿಷಿ ಕೊಡುತ್ತಾರೆ. ಕೇಳಿ ಕೇಳಿ ಸಾಕಾಗಿದೆ ನನಗೆ. ಈಜಿಪ್ಟಿನ ಕಣ್ಣಿಗೆ ಬೆಣ್ಣೆ, ಹಂಗೇರಿಯ ಕಣ್ಣಿಗೆ ಸುಣ್ಣ, ಇದು ಯಾವ ನ್ಯಾಯ? ಜಯಪ್ರಕಾಶ ನಾರಾಯಣರು ಆಗಲೇ ಇದನ್ನು ಕಟುವಾಗಿ ಟೀಕಿಸಿದ್ದರು. ಕೆಲವೇ ದಿನಗಳಲ್ಲಿ ನೆಹರೂ ಕೂಡ ಬರ್ಮಾ, ಸಿಲೋನ್, ಇಂಡೋನೇಷ್ಯಾದ ಪ್ರಧಾನಿಗಳ ಜೊತೆ ಸೇರಿ ಸೋವಿಯತ್ ಸೇನೆ ಹಿಂದೆ ಸರಿಯಲಿ ಅಂದರು. ಆ ಮಾತು ಮೊದಲ ದಿನವೇ ಬರಬೇಕಿತ್ತು.

ಬ್ರಿಟನ್, ಫ್ರಾನ್ಸ್ ಏನು ಸಾಚಾನಾ? ಹಂಗೇರಿಗಾಗಿ ಕಣ್ಣೀರು, ಈಜಿಪ್ಟಿನ ಮೇಲೆ ಬಾಂಬು!

ಸಮಯ ಆಗ್ತಾ ಬಂತು. 2003ರ ಇರಾಕ್ ಬಗ್ಗೆ ಹೇಳಬೇಕೆಂದಿದ್ದೆ, ಆಗಲಿಲ್ಲ. 2022ರ ಮಾರ್ಚ್ 2ರದ್ದು ಒಂದನ್ನು ಹೇಳಿಬಿಡುತ್ತೇನೆ. ರಷ್ಯಾ ಉಕ್ರೇನಿನಿಂದ ಹೊರಡಲಿ ಅಂತ ವಿಶ್ವಸಂಸ್ಥೆಯಲ್ಲಿ 141 ದೇಶಗಳು ಮತ ಹಾಕಿದವು. 35 ದೇಶಗಳು ದೂರ ಉಳಿದವು. ಆ 35ರಲ್ಲಿ ನಾವೂ ಒಬ್ಬರು. ರಷ್ಯಾದ ಕಚ್ಚಾ ತೈಲ, ಆಯುಧ ಬೇಕು ಅಂತ ಕಾರಣ ಹೇಳುವವರಿಗೆ ನನ್ನದು ಅದೇ ಪ್ರಶ್ನೆ. ಪೆಟ್ಟು ಬಿದ್ದದ್ದು ಯಾರಿಗೆ?

ನಮಸ್ಕಾರ.